1959ರ ಜನವರಿ 1ರ ಗೆರೆ: ವೃತ್ತಿಶಿಕ್ಷಣ, ಕೆಲಸ ಮತ್ತು ಗಳಿಕೆಯ ಬಗ್ಗೆ ರೊಮೇನಿಯಾದ ಪ್ರಕರಣ

ಹದಿನಾಲ್ಕು, ಹದಿನೈದರ ವಯಸ್ಸಿನಲ್ಲಿ ಒಬ್ಬ ಹುಡುಗ ಕಸುಬು ಕಲಿಸುವ ಶಾಲೆಗೆ ಸೇರುತ್ತಾನೆ. ಅವನ ಓರಗೆಯವನೊಬ್ಬ ಗಣಿತ, ಇತಿಹಾಸ, ಭಾಷೆಗಳ ಸಾಮಾನ್ಯ ಶಾಲೆಯಲ್ಲೇ ಮುಂದುವರಿಯುತ್ತಾನೆ. ಇಪ್ಪತ್ತು ವರ್ಷ ಕಳೆದ ಮೇಲೆ ಇಬ್ಬರ ಗಳಿಕೆಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎರಡನೆಯವನದು ಹೆಚ್ಚಾಗಿರುವುದು ಅನೇಕ ಕಡೆ ಕಂಡುಬರುತ್ತದೆ. ಆ ವ್ಯತ್ಯಾಸವನ್ನು ಇಡಿಯಾಗಿ ಶಾಲೆಯ ಲೆಕ್ಕಕ್ಕೆ ಬರೆಯುವುದು ರೂಢಿ. ತಂದೆತಾಯಿ ಹಾಗೆ ಬರೆಯುತ್ತಾರೆ, ಮೇಷ್ಟರು ಹಾಗೆ ಬರೆಯುತ್ತಾರೆ, ನೀತಿ ರೂಪಿಸುವವರೂ ಹಾಗೆಯೇ ಬರೆಯುತ್ತಾರೆ. ಕಸುಬು ಕಲಿತರೆ ಬದುಕಿನಲ್ಲಿ ಮುಂದೆ ಬರುವುದು ಕಷ್ಟ ಎಂಬ ತೀರ್ಪು ಅಲ್ಲಿಂದ ಹೊರಡುತ್ತದೆ.

ಈ ತೀರ್ಪು ನನ್ನನ್ನು ಬಹಳ ಕಾಲದಿಂದ ಕಾಡಿದೆ. ಆ ಇಬ್ಬರು ಹುಡುಗರು ಶಾಲೆಯ ಬಾಗಿಲಿಗೆ ಬರುವ ಮುನ್ನವೇ ಬೇರೆಬೇರೆ ಆಗಿದ್ದರು. ಒಬ್ಬನಿಗೆ ಅಂಕ ಕಡಿಮೆ ಬಂದಿತ್ತು, ಇನ್ನೊಬ್ಬನಿಗೆ ಹೆಚ್ಚು. ಒಬ್ಬನ ಮನೆಯಲ್ಲಿ ಬೇಗ ದುಡಿಮೆ ಬೇಕಾಗಿತ್ತು, ಇನ್ನೊಬ್ಬನಿಗೆ ಕಾಯುವ ಅನುಕೂಲವಿತ್ತು. ಒಬ್ಬನಿಗೆ ಪರಿಚಯದವರೆಂದರೆ ಕಾರ್ಖಾನೆಯವರು, ಇನ್ನೊಬ್ಬನಿಗೆ ಕಚೇರಿಯವರು. ಇಷ್ಟೆಲ್ಲ ವ್ಯತ್ಯಾಸಗಳು ಮೊದಲೇ ಇದ್ದಾಗ, ಕೊನೆಗೆ ಸಂಬಳದಲ್ಲಿ ಕಾಣುವ ಅಂತರದಲ್ಲಿ ಶಾಲೆಯ ಪಾಲೆಷ್ಟು, ಹುಡುಗನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಹೇಗೆ? ಒಂದೇ ಥರದ ಹುಡುಗರನ್ನು, ಅವರ ಇಷ್ಟಾನಿಷ್ಟ ಕೇಳದೆ, ಎರಡು ಶಾಲೆಗಳಿಗೆ ಹಂಚಿದ್ದರೆ ಮಾತ್ರ ಉತ್ತರ ಸಿಗುತ್ತದೆ. ಯಾವ ತಾಯಿತಂದೆಯೂ ಅದಕ್ಕೆ ಒಪ್ಪಲಾರರು. ಆದರೆ ರೊಮೇನಿಯಾದಲ್ಲಿ 1970ರ ದಶಕದಲ್ಲಿ ಬಂದ ಒಂದು ಕಾನೂನು, ಅಂಥ ಉದ್ದೇಶವಿಲ್ಲದೆಯೇ, ಹೆಚ್ಚುಕಡಿಮೆ ಅದನ್ನೇ ಮಾಡಿತು.

ಕಾರ್ಖಾನೆಯ ಮಗ್ಗುಲಲ್ಲಿ ಶಾಲೆ

1947ರ ಕೊನೆಯಲ್ಲಿ ರಾಜ ಪದತ್ಯಾಗ ಮಾಡಿದ ಮೇಲೆ ರೊಮೇನಿಯಾ ಪೂರ್ತಿಯಾಗಿ ಕಮ್ಯುನಿಸ್ಟ್ ಆಡಳಿತಕ್ಕೆ ಬಂತು. ಅಲ್ಲಿಯವರೆಗೆ ಅದು ಮುಖ್ಯವಾಗಿ ರೈತರ ದೇಶ. ಮುಂದಿನ ನಾಲ್ಕು ದಶಕಗಳಲ್ಲಿ ಹಳ್ಳಿಯ ಮಕ್ಕಳನ್ನು ಕಾರ್ಖಾನೆಯ ಕಾರ್ಮಿಕರನ್ನಾಗಿ ಮಾಡುವುದೇ ಸರ್ಕಾರದ ದೊಡ್ಡ ಕೆಲಸವಾಯಿತು. ಡ್ಯಾನ್ಯೂಬ್ ದಂಡೆಯ ಗಲಾಟ್ಸ್‌ನಲ್ಲಿ ದೈತ್ಯ ಉಕ್ಕಿನ ಸ್ಥಾವರ ಎದ್ದಿತು. ಪಿಟೆಷ್ಟ್ ಪಟ್ಟಣದ ಬಳಿ 1968ರಲ್ಲಿ ಮೊದಲ ಡಾಚಿಯಾ ಕಾರು ಹೊರಬಂತು. ಬ್ರಾಶೋವ್‌ನಲ್ಲಿ ಹಿಂದೆ ವಿಮಾನ ತಯಾರಿಸುತ್ತಿದ್ದ ಕಾರ್ಖಾನೆ 1946ರಿಂದಲೇ ಟ್ರ್ಯಾಕ್ಟರ್ ಮಾಡತೊಡಗಿತ್ತು. 1965ರಲ್ಲಿ ಪಕ್ಷದ ಚುಕ್ಕಾಣಿ ಹಿಡಿದ ನಿಕೊಲಾಯ್ ಚೌಶೆಸ್ಕು ಭಾರೀ ಕೈಗಾರಿಕೆಯ ಹಾದಿಯಲ್ಲಿ ದೇಶವನ್ನು ಇನ್ನೂ ಜೋರಾಗಿ ಓಡಿಸಿದರು.

ಇಂಥ ಕಾರ್ಖಾನೆಗಳಿಗೆ ಆಳು ಬೇಕು; ಬರಿಯ ಆಳಲ್ಲ, ಪಳಗಿದ ಕೈ ಬೇಕು. ಅದಕ್ಕಾಗಿ ವೃತ್ತಿಶಾಲೆಗಳು ಇದ್ದವು. ಅನೇಕ ಶಾಲೆಗಳು ಒಂದೊಂದು ಕಾರ್ಖಾನೆಗೆ ಅಂಟಿಕೊಂಡೇ ಇರುತ್ತಿದ್ದವು. ಎಂಟು ವರ್ಷದ ಶಾಲೆ ಮುಗಿಸಿದ ಮಕ್ಕಳ ಮುಂದೆ ದಾರಿ ಕವಲೊಡೆಯುತ್ತಿತ್ತು. ಲೈಸಿಯಂ ಎಂಬ ಪ್ರೌಢಶಾಲೆ ಒಂದು ಕಡೆ. ಅಲ್ಲಿ ಓದಿ ಕೊನೆಯ ಪರೀಕ್ಷೆ ಪಾಸಾದವರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿತ್ತು. ವೃತ್ತಿಶಾಲೆ ಇನ್ನೊಂದು ಕಡೆ. ಅಲ್ಲಿ ಕಲಿತವನು ಟರ್ನರ್, ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಆಗಿ ಹೊರಬಂದು ನೇರವಾಗಿ ಕೆಲಸಕ್ಕೆ ಸೇರುತ್ತಿದ್ದ. ಕೆಲಸ ಹುಡುಕುವ ಪ್ರಶ್ನೆಯೇ ಇರಲಿಲ್ಲ. ಯಾರು ಎಲ್ಲಿಗೆ ಹೋಗಬೇಕೆಂದು ಸರ್ಕಾರವೇ ಹಂಚುತ್ತಿತ್ತು. ಸಂಬಳದ ಶ್ರೇಣಿಯೂ ಸರ್ಕಾರದ್ದೇ. ಮೇಲಿನವನಿಗೂ ಕೆಳಗಿನವನಿಗೂ ಇದ್ದ ಅಂತರ ಮಾರುಕಟ್ಟೆಯ ದೇಶಗಳಿಗೆ ಹೋಲಿಸಿದರೆ ಕಿರಿದು.

ಈ ಹಿನ್ನೆಲೆಯನ್ನು ಇಷ್ಟು ಹೇಳಲು ಕಾರಣವಿದೆ. ಕಸುಬು ಕಲಿತವನ ಭವಿಷ್ಯ ಆ ದಿನಗಳಲ್ಲಿ ಭದ್ರವಾಗಿಯೇ ಇತ್ತು. ಕಾರ್ಖಾನೆ ನಡೆಯುವವರೆಗೆ ಅವನಿಗೆ ಕೆಲಸವಿತ್ತು, ಮತ್ತು ಕಾರ್ಖಾನೆ ನಿಂತುಹೋಗಬಹುದು ಎಂದು ಯಾರೂ ಎಣಿಸಿರಲಿಲ್ಲ.

1973ರಲ್ಲಿ ಬದಲಾದದ್ದು

1973ರ ಶಿಕ್ಷಣ ಸುಧಾರಣೆ ಕವಲಿನ ಜಾಗವನ್ನು ಮುಂದಕ್ಕೆ ತಳ್ಳಿತು. ಎಂಟನೆಯ ತರಗತಿ ಮುಗಿಸಿದ ಕೂಡಲೇ ವೃತ್ತಿಶಾಲೆಗೆ ಹೋಗುವ ಹಾದಿ ಮುಚ್ಚಿತು. ಇನ್ನೆರಡು ವರ್ಷ ಸಾಮಾನ್ಯ ಶಿಕ್ಷಣ ಪಡೆದ ಮೇಲಷ್ಟೇ ಕಸುಬಿನ ಮಾತು ಎಂದಾಯಿತು. ಈ ನಿಯಮ 1959ರ ಜನವರಿ 1ರಿಂದ ಈಚೆಗೆ ಹುಟ್ಟಿದವರಿಗೆ ತಗುಲಿತು. ಅದಕ್ಕೂ ಮುಂಚೆ ಹುಟ್ಟಿದವರು ಹಳೆಯ ಪದ್ಧತಿಯಲ್ಲೇ ಉಳಿದರು.

ಪರಿಣಾಮವಾಗಿ ದೊಡ್ಡ ಸಂಖ್ಯೆಯ ಮಕ್ಕಳು ವೃತ್ತಿಶಾಲೆಯಿಂದ ಸಾಮಾನ್ಯ ಶಿಕ್ಷಣದ ಕಡೆಗೆ ಸರಿದರು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ, ಈ ಸುಧಾರಣೆ ಮುಖ್ಯವಾಗಿ ಬದಲಿಸಿದ್ದು ಓದಿನ ಬಗೆಯನ್ನು, ಓದಿನ ಉದ್ದವನ್ನಲ್ಲ. ಕಾರ್ಯಾಗಾರದಲ್ಲಿ ಕಳೆಯಬೇಕಿದ್ದ ಕಾಲ ತರಗತಿಯ ಬೆಂಚಿಗೆ ಹೋಯಿತು. ಓದಿನ ಉದ್ದವೂ ಬದಲಾದರೆ ಎರಡು ಪರಿಣಾಮಗಳು ಕಲಸಿಹೋಗುತ್ತವೆ. ಹೆಚ್ಚು ವರ್ಷ ಓದಿದ್ದಕ್ಕೆ ಸಂಬಳ ಹೆಚ್ಚಿತೋ, ಬೇರೆ ಬಗೆಯಲ್ಲಿ ಓದಿದ್ದಕ್ಕೆ ಹೆಚ್ಚಿತೋ ಎಂದು ಹೇಳಲಾಗುವುದಿಲ್ಲ.

ಇಬ್ಬರು ಹುಡುಗರನ್ನು ಊಹಿಸಿಕೊಳ್ಳಿ. ಇವರು ನನ್ನ ಕಲ್ಪನೆಯವರು, ಆದರೆ ಇವರಂಥವರು ಸಾವಿರಾರು ಮಂದಿ ನಿಜವಾಗಿಯೂ ಇದ್ದರು. ಇಬ್ಬರೂ ಬ್ರಾಶೋವ್‌ನವರು, ಒಂದೇ ಬೀದಿಯವರು, ಇಬ್ಬರ ತಂದೆಯರೂ ಟ್ರ್ಯಾಕ್ಟರ್ ಕಾರ್ಖಾನೆಯ ಕಾರ್ಮಿಕರು. ಒಬ್ಬ ಹುಟ್ಟಿದ್ದು 1958ರ ಡಿಸೆಂಬರ್ ಕೊನೆಯ ವಾರ, ಇನ್ನೊಬ್ಬ 1959ರ ಜನವರಿ ಮೊದಲ ವಾರ.

ಡಿಸೆಂಬರ್‌ನ ಹುಡುಗ ಹದಿನೈದರ ಆಸುಪಾಸಿನಲ್ಲಿ ವೃತ್ತಿಶಾಲೆಯ ಕಾರ್ಯಾಗಾರದಲ್ಲಿ ನಿಂತಿದ್ದಾನೆ. ಮೊದಲು ಅವನ ಕೈಗೆ ಬರುವುದು ಅರ. ಒರಟು ಕಬ್ಬಿಣದ ತುಂಡನ್ನು ವೈಸ್‌ಗೆ ಕಚ್ಚಿಸಿ, ಮೇಲ್ಮೈ ಸಮತಟ್ಟಾಗುವವರೆಗೆ ಉಜ್ಜಬೇಕು. ಮೂಲಮಟ್ಟವನ್ನು ಇಟ್ಟು ಬೆಳಕಿಗೆ ಹಿಡಿದಾಗ ಎಲ್ಲಿಯೂ ಸಂದು ಕಾಣಬಾರದು. ಆಮೇಲೆ ಲೇತ್. ನಕ್ಷೆಯಲ್ಲಿ ಬರೆದ ವ್ಯಾಸಕ್ಕೆ ಸಲಾಕೆಯನ್ನು ಕೊರೆಯಬೇಕು, ಮೈಕ್ರೊಮೀಟರ್‌ನಲ್ಲಿ ಅಳೆಯಬೇಕು. ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಓದುವುದನ್ನು ಅವನು ಅಲ್ಲಿ ಕಲಿಯುತ್ತಾನೆ. ಒಂದು ಸುತ್ತು ಹೆಚ್ಚು ತಿರುಗಿಸಿ ಲೋಹ ಹೆಚ್ಚು ತೆಗೆದರೆ ಆ ತುಂಡು ಗುಜರಿಗೆ ಹೋಗುತ್ತದೆ. ಕೊರೆದ ಲೋಹವನ್ನು ಮತ್ತೆ ಅಂಟಿಸಲಾಗುವುದಿಲ್ಲ ಎಂಬ ಎಚ್ಚರ ಅವನ ಮೈಯಲ್ಲೇ ಇಳಿಯುತ್ತದೆ.

ಜನವರಿಯ ಹುಡುಗ ಅದೇ ವಯಸ್ಸಿನಲ್ಲಿ ಬೀಜಗಣಿತ, ಭೌತವಿಜ್ಞಾನ, ರೊಮೇನಿಯನ್ ಸಾಹಿತ್ಯ ಓದುತ್ತಿದ್ದಾನೆ. ಆ ಕಾಲದ ರೊಮೇನಿಯಾದಲ್ಲಿ ಸಾಮಾನ್ಯ ಶಾಲೆಯ ಮಕ್ಕಳೂ ಆಗಾಗ ಕಾರ್ಯಾಗಾರಕ್ಕೆ ಹೋಗುತ್ತಿದ್ದರು ಎಂಬುದು ನಿಜ. ಆದರೆ ದಿನದ ಬಹುಪಾಲು ಪುಸ್ತಕದ್ದೇ. ಅವನು ಕಡೆಗೆ ಕಸುಬು ಕಲಿಯಬಹುದು, ಕಲಿಯದೆಯೂ ಇರಬಹುದು.

ಇವರಿಬ್ಬರ ನಡುವೆ ಜಾಣತನದ ವ್ಯತ್ಯಾಸವಿಲ್ಲ, ಮನೆತನದ ವ್ಯತ್ಯಾಸವಿಲ್ಲ. ಇರುವುದು ಕೆಲವು ದಿನಗಳ ವ್ಯತ್ಯಾಸ ಮಾತ್ರ.

ಗೆರೆಯ ಎರಡು ಬದಿ

ಈ ಗೆರೆಯನ್ನು ಬಳಸಿಕೊಂಡು ಅಧ್ಯಯನ ನಡೆಸಿದವರು ಓಫರ್ ಮಾಲಮುಡ್ ಮತ್ತು ಕ್ರಿಸ್ಟಿಯನ್ ಪಾಪ್-ಎಲೆಕೆಸ್ ಎಂಬ ಅರ್ಥಶಾಸ್ತ್ರಜ್ಞರು. ಅವರ ಪ್ರಬಂಧ 2008ರಲ್ಲಿ ಕರಡಾಗಿ ಹೊರಬಂದು 2010ರಲ್ಲಿ ಪ್ರಕಟವಾಯಿತು. ಅವರು ಆಧರಿಸಿದ್ದು ಜನಗಣತಿಯ ದತ್ತಾಂಶವನ್ನು ಹಾಗೂ 1995ರಿಂದ 2000ದವರೆಗೆ ನಡೆದ ಜೀವನಮಟ್ಟ ಸಮೀಕ್ಷೆಗಳನ್ನು.

ಇವರ ವಿಧಾನದ ಹಿಂದಿನ ತರ್ಕ ಸರಳವಾದದ್ದು. 1959ರ ಜನವರಿಗೆ ತೀರ ಹಿಂದೆ ಮತ್ತು ತೀರ ಮುಂದೆ ಹುಟ್ಟಿದವರು ಎಲ್ಲ ವಿಷಯದಲ್ಲೂ ಸರಿಸುಮಾರು ಒಂದೇ. ಯಾವ ತಾಯಿಯೂ ಹದಿನಾಲ್ಕು ವರ್ಷ ಮುಂದೆ ಬರಲಿರುವ ಕಾನೂನನ್ನು ಎಣಿಸಿ ಹೆರಿಗೆಯ ದಿನ ಗೊತ್ತುಮಾಡಿಕೊಂಡಿರಲಿಲ್ಲ. ಹಾಗಾಗಿ ಮುಂದೆ ಈ ಎರಡು ಗುಂಪಿನ ಕೆಲಸದಲ್ಲೋ ಗಳಿಕೆಯಲ್ಲೋ ಗೆರೆಯ ಬಳಿ ಥಟ್ಟನೆ ಜಿಗಿತ ಕಂಡರೆ ಅದಕ್ಕೆ ಕಾರಣ ಸುಧಾರಣೆಯೇ. ಜಿಗಿತ ಕಾಣದಿದ್ದರೆ, ಓದಿನ ಬಗೆ ಬದಲಾದದ್ದರಿಂದ ಆ ವಿಷಯದಲ್ಲಿ ಹೇಳಿಕೊಳ್ಳುವಂಥ ಪರಿಣಾಮ ಆಗಲಿಲ್ಲ ಎಂದರ್ಥ.

ಇಲ್ಲಿ ಒಂದು ತೊಡಕು ಎಲ್ಲ ಕಾಲಕ್ಕೂ ಇದ್ದೇ ಇದೆ. ಜನವರಿಯಲ್ಲಿ ಹುಟ್ಟಿದ ಮಗು ತನ್ನ ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡದು, ಡಿಸೆಂಬರ್‌ನ ಮಗು ಎಲ್ಲರಿಗಿಂತ ಚಿಕ್ಕದು. ಹನ್ನೊಂದು ತಿಂಗಳ ಅಂತರ ಎಳವೆಯಲ್ಲಿ ಸಣ್ಣದೇನಲ್ಲ. ಅದಕ್ಕಾಗಿ ಇಂಥ ಹೋಲಿಕೆ ಮಾಡುವವರು ಸುಧಾರಣೆ ಇಲ್ಲದ ವರ್ಷಗಳ ಡಿಸೆಂಬರ್ ಮತ್ತು ಜನವರಿಯ ಮಕ್ಕಳನ್ನೂ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ. ಇನ್ನೊಂದು ಅನುಕೂಲವೂ ಈ ಪ್ರಕರಣಕ್ಕಿದೆ. 1966ರಲ್ಲಿ ಚೌಶೆಸ್ಕು ಸರ್ಕಾರ ಗರ್ಭಪಾತವನ್ನು ನಿಷೇಧಿಸಿದ್ದರಿಂದ 1967ರಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ದಿಢೀರನೆ ಸುಮಾರು ಎರಡರಷ್ಟಾಗಿ, ಆ ಪೀಳಿಗೆಯ ಶಾಲೆಗಳೆಲ್ಲ ಕಿಕ್ಕಿರಿದಿದ್ದವು. 1958 ಮತ್ತು 1959ರ ಮಕ್ಕಳು ಆ ಗದ್ದಲದಿಂದ ದೂರ.

ಕಾರ್ಖಾನೆಗಳು ನಿಂತಾಗ

1989ರ ಡಿಸೆಂಬರ್‌ನಲ್ಲಿ ಚೌಶೆಸ್ಕು ಆಡಳಿತ ಕುಸಿಯಿತು. ನಮ್ಮ ಇಬ್ಬರಿಗೂ ಆಗ ಮೂವತ್ತೊಂದರ ಆಸುಪಾಸು. ದುಡಿಮೆಯ ಬದುಕಿನ ಮೂರನೆಯ ಒಂದು ಭಾಗ ಒಂದು ವ್ಯವಸ್ಥೆಯಲ್ಲಿ ಕಳೆದಿತ್ತು, ಉಳಿದದ್ದು ತೀರ ಬೇರೆಯದೊಂದರಲ್ಲಿ ಕಳೆಯಬೇಕಾಗಿತ್ತು.

ಮುಂದಿನ ಹತ್ತು ವರ್ಷ ರೊಮೇನಿಯಾದ ಕಾರ್ಮಿಕರು ಕಂಡದ್ದನ್ನು ಓದಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ. 1990ರಿಂದ 1992ರವರೆಗಿನ ಮೂರೇ ವರ್ಷಗಳಲ್ಲಿ ದೇಶದ ಉತ್ಪಾದನೆ ಸುಮಾರು ಕಾಲುಭಾಗದಷ್ಟು ಕುಗ್ಗಿತು. ನಿರುದ್ಯೋಗವೇ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದ ದೇಶ 1991ರಲ್ಲಿ ನಿರುದ್ಯೋಗ ಭತ್ಯೆಯ ಕಾನೂನು ತರಬೇಕಾಯಿತು. 1993ರಲ್ಲಿ ಬೆಲೆಯೇರಿಕೆ ಶೇಕಡಾ 250 ದಾಟಿತು. ತಿಂಗಳ ಮೊದಲ ವಾರದ ಸಂಬಳ ಕೊನೆಯ ವಾರಕ್ಕೆ ಸವೆದು ಹೋಗುವ ಕಾಲ ಅದು. 1997ರಲ್ಲಿ ಜಿಯು ಕಣಿವೆಯ ಕಲ್ಲಿದ್ದಲು ಗಣಿಗಳಿಂದ ಸಾವಿರಾರು ಮಂದಿ ಇಡಿಗಂಟು ಪರಿಹಾರ ಪಡೆದು ಹೊರನಡೆದರು. ಆ ಕಣಿವೆಯಲ್ಲಿ ಅವರಿಗೆ ಬೇರೆ ಕೆಲಸವಿರಲಿಲ್ಲ. ಅವಧಿಗೆ ಮುನ್ನವೇ ನಿವೃತ್ತಿ ಪಡೆದವರ ಸಂಖ್ಯೆ ಏರುತ್ತ ಹೋಯಿತು. 1991ರ ಕಾನೂನಿನಂತೆ ಜಮೀನು ಮರಳಿ ಪಡೆದ ಕುಟುಂಬಗಳಿಗೆ ಹಳ್ಳಿಯೇ ಆಸರೆಯಾಯಿತು. 2000ದ ಹೊತ್ತಿಗೆ ದುಡಿಯುವವರಲ್ಲಿ ಶೇಕಡಾ 40ಕ್ಕೂ ಹೆಚ್ಚು ಮಂದಿ ಬೇಸಾಯದಲ್ಲಿದ್ದರು. ಹಳ್ಳಿಯಿಂದ ಕಾರ್ಖಾನೆಗೆ ಕರೆತಂದ ಜನರಲ್ಲಿ ಅನೇಕರು ಬದುಕಿನ ನಡುವಯಸ್ಸಿನಲ್ಲಿ ಮತ್ತೆ ಹೊಲಕ್ಕೆ ಹೋದರು.

ವೃತ್ತಿಶಿಕ್ಷಣದ ಟೀಕಾಕಾರರು ಹಿಂದಿನಿಂದಲೂ ಹೇಳುತ್ತ ಬಂದ ಮಾತಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಸಿಗಲಾರದು. ಅವರ ವಾದ ಹೀಗೆ: ಕಸುಬು ಇವತ್ತಿನ ಯಂತ್ರಕ್ಕೆ ಹೊಂದುವಂಥದ್ದು, ಯಂತ್ರ ಬದಲಾದರೆ ಕಸುಬಿಗೆ ಬೆಲೆಯಿಲ್ಲ. ಸಾಮಾನ್ಯ ಶಿಕ್ಷಣ ಪಡೆದವನು ಹೊಸದನ್ನು ಕಲಿಯಬಲ್ಲ, ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಬಲ್ಲ. ಹಾಗಿದ್ದರೆ ಇಡೀ ಆರ್ಥಿಕ ವ್ಯವಸ್ಥೆಯೇ ತಲೆಕೆಳಗಾದ ರೊಮೇನಿಯಾದಲ್ಲಿ ಜನವರಿಯ ಹುಡುಗ ಗೆಲ್ಲಬೇಕಿತ್ತು, ಡಿಸೆಂಬರ್‌ನ ಹುಡುಗ ಸೋಲಬೇಕಿತ್ತು.

ಕಂಡದ್ದು

ಸುಧಾರಣೆಗೆ ಒಳಗಾದ ಪೀಳಿಗೆಯ ಗಂಡಸರು ಕೈಕಸುಬಿನ, ಕುಶಲಕರ್ಮಿಯ ಕೆಲಸಗಳಲ್ಲಿ ಇರುವುದು ಗಮನಾರ್ಹವಾಗಿ ಕಡಿಮೆಯಾಯಿತು. ಎಂದರೆ ಓದಿನ ಬಗೆ ಬದಲಾದದ್ದು ಅವರು ಮಾಡುವ ಕೆಲಸವನ್ನು ನಿಜವಾಗಿಯೂ ಬದಲಿಸಿತು. ಆದರೆ ದುಡಿಮೆಯಲ್ಲಿ ತೊಡಗಿದವರ ಪ್ರಮಾಣ ಗೆರೆಯ ಎರಡೂ ಬದಿಯಲ್ಲಿ ಹೆಚ್ಚುಕಡಿಮೆ ಒಂದೇ. ಗಳಿಕೆಯೂ ಹೆಚ್ಚುಕಡಿಮೆ ಒಂದೇ.

ಇದನ್ನು ಮತ್ತೊಮ್ಮೆ ನಿಧಾನವಾಗಿ ಓದಬೇಕು. ಅದೇ ದೇಶದಲ್ಲಿ, ಅದೇ ಕಾಲದಲ್ಲಿ, ವೃತ್ತಿಶಾಲೆಯಲ್ಲಿ ಓದಿದವರನ್ನೂ ಸಾಮಾನ್ಯ ಶಾಲೆಯಲ್ಲಿ ಓದಿದವರನ್ನೂ ಸುಮ್ಮನೆ ಅಕ್ಕಪಕ್ಕ ಇಟ್ಟರೆ ಅಂತರ ಕಾಣುತ್ತದೆ. ಕಾನೂನಿನ ಕಾರಣಕ್ಕಷ್ಟೇ ಬೇರೆ ಶಾಲೆಗೆ ಹೋದವರನ್ನು ಹೋಲಿಸಿದಾಗ ಆ ಅಂತರ ಕಾಣದಾಗುತ್ತದೆ. ಆದ್ದರಿಂದ ಮೊದಲ ಅಂತರದ ಬಹುಪಾಲು ಶಾಲೆ ಮಾಡಿದ್ದಲ್ಲ. ಯಾರು ಯಾವ ಶಾಲೆಗೆ ಹೋದರು ಎಂಬ ಆಯ್ಕೆಯಿಂದ ಬಂದದ್ದು. ಅಧ್ಯಯನಕಾರರ ತೀರ್ಮಾನವೂ ಇದೇ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಈ ಫಲಿತಾಂಶದ ಮೊದಲ ಅರ್ಧ. ಜನವರಿಯವರಲ್ಲಿ ಹೆಚ್ಚು ಮಂದಿ ಕೈಗೆ ಎಣ್ಣೆ ಹತ್ತದ ಕೆಲಸಕ್ಕೆ ಹೋದರು. ಕಚೇರಿಯ ಮೇಜು, ಉಗ್ರಾಣದ ಲೆಕ್ಕ, ಅಂಗಡಿಯ ಗಲ್ಲಾ ಇಂಥವು. ನೆರೆಹೊರೆಯವರ ಕಣ್ಣಿಗೆ ಅದು ಏಳಿಗೆಯಾಗಿಯೇ ಕಂಡಿರಬೇಕು. ತಿಂಗಳ ಕೊನೆಗೆ ಮನೆಗೆ ಬಂದ ಹಣ ಮಾತ್ರ ಲೇತ್ ಮುಂದೆ ನಿಂತವನಷ್ಟೇ. ಕೆಲಸದ ಗೌರವವೂ ಕೆಲಸದ ಗಳಿಕೆಯೂ ಒಂದೇ ಎಂದು ಭಾವಿಸುವ ನಮ್ಮ ಅಭ್ಯಾಸಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಹೀಗೇಕೆ ಆಯಿತು

ಇಲ್ಲಿಂದ ಮುಂದಿನದು ನನ್ನ ವಿವೇಚನೆ. ಕಾರಣಗಳು ಒಂದಕ್ಕಿಂತ ಹೆಚ್ಚು ಇರಬೇಕು.

ಹದಿನೈದನೆಯ ವಯಸ್ಸಿನಲ್ಲಿ ಎರಡು ವರ್ಷ ಹೆಚ್ಚು ಬೀಜಗಣಿತ ಓದಿದ್ದು ಮೂವತ್ತೈದರಲ್ಲಿ ಹೊಂದಿಕೊಳ್ಳುವ ಶಕ್ತಿಯಾಗಿ ಉಳಿಯುತ್ತದೆ ಎಂದು ನಂಬುವುದು ಕಷ್ಟ. ಓದಿದ್ದನ್ನು ಬಳಸುವ ಕೆಲಸ ನಡುವಿನ ಹದಿನೈದು ವರ್ಷ ಸಿಕ್ಕಿರಬೇಕು. ಹಂಚಿಕೆಯ ಕೆಲಸದಲ್ಲಿ ಅದು ಎಲ್ಲರಿಗೂ ಸಿಕ್ಕಿರಲಾರದು.

ಇನ್ನೊಂದು, ಕಸುಬನ್ನು ಕುರಿತ ನಮ್ಮ ತಪ್ಪು ಕಲ್ಪನೆ. ಟ್ರ್ಯಾಕ್ಟರ್ ಕಾರ್ಖಾನೆಯ ಟರ್ನರ್ ಎಂದರೆ ಟ್ರ್ಯಾಕ್ಟರ್ ಬಿಟ್ಟು ಬೇರೇನೂ ಗೊತ್ತಿಲ್ಲದವನು ಎಂದು ಹೊರಗಿನವರು ತಿಳಿಯುತ್ತಾರೆ. ಆದರೆ ಅವನು ಕಲಿತದ್ದನ್ನು ಬಿಡಿಬಿಡಿಯಾಗಿ ನೋಡಿ. ನಕ್ಷೆ ಓದುವುದು, ಅಳತೆ, ಯಾವ ಲೋಹ ಎಷ್ಟು ವೇಗಕ್ಕೆ ಹೇಗೆ ಕೊರೆಯುತ್ತದೆ ಎಂಬ ತಿಳಿವಳಿಕೆ, ಯಾವ ಕೆಲಸದ ನಂತರ ಯಾವುದು ಎಂಬ ಕ್ರಮ, ತಪ್ಪಾದರೆ ಎಲ್ಲಿ ತಪ್ಪಿತು ಎಂದು ಹಿಂದಕ್ಕೆ ಹೋಗಿ ಹುಡುಕುವ ಬುದ್ಧಿ. ಇದರಲ್ಲಿ ಟ್ರ್ಯಾಕ್ಟರಿಗೆ ಮಾತ್ರ ಸೇರಿದ್ದು ಎಷ್ಟು? ಅದೇ ಕೈ ಪಂಪಿನ ಬಿಡಿಭಾಗ ಮಾಡಬಲ್ಲದು, ಮುರಿದ ಶಾಫ್ಟನ್ನು ರಿಪೇರಿ ಮಾಡಬಲ್ಲದು, ಆರು ತಿಂಗಳ ತರಬೇತಿ ಸಿಕ್ಕರೆ ಕಂಪ್ಯೂಟರ್ ನಿಯಂತ್ರಿತ ಲೇತ್ ನಡೆಸಬಲ್ಲದು. ವೆಲ್ಡರ್, ಎಲೆಕ್ಟ್ರಿಷಿಯನ್, ಪೈಪ್ ಕೆಲಸದವನಿಗಂತೂ ಕಾರ್ಖಾನೆಯ ಹಂಗೇ ಬೇಕಿಲ್ಲ, ಕಟ್ಟಡ ಏಳುವ ಕಡೆಯೆಲ್ಲ ಅವನಿಗೆ ಕೆಲಸ. ಒಂದೇ ಯಂತ್ರದ ಒಂದೇ ಗುಂಡಿ ಒತ್ತಲು ಕಲಿತವನ ಸ್ಥಿತಿ ಬೇರೆ. ಅದನ್ನು ಕಸುಬು ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ವೃತ್ತಿಶಿಕ್ಷಣ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರು ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ.

ಮೂರನೆಯದು, ಸಾಮಾನ್ಯ ಶಿಕ್ಷಣದ ದೊಡ್ಡ ಲಾಭ ಅದು ತೆರೆಯುವ ಮುಂದಿನ ಬಾಗಿಲಿನಲ್ಲಿದೆ. ವಿಶ್ವವಿದ್ಯಾಲಯ ಮುಟ್ಟಿದವನ ಲೆಕ್ಕವೇ ಬೇರೆ. ಈ ಕಾನೂನಿನಿಂದ ದಾರಿ ಬದಲಿಸಿದವರು ಬಹುಮಟ್ಟಿಗೆ ಎರಡೂ ಶಾಲೆಗಳ ಅಂಚಿನಲ್ಲಿದ್ದವರು. ಮೊದಲಿನಿಂದಲೂ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದಿದ್ದವನು ಕಾನೂನು ಇದ್ದರೂ ಇಲ್ಲದಿದ್ದರೂ ಲೈಸಿಯಂಗೇ ಹೋಗುತ್ತಿದ್ದ. ಅವನ ಬಗ್ಗೆ ಈ ಪ್ರಕರಣ ಏನೂ ಹೇಳುವುದಿಲ್ಲ.

ಈ ಕೊನೆಯ ಮಾತನ್ನು ಮರೆತರೆ ಪ್ರಕರಣವನ್ನು ತಪ್ಪಾಗಿ ಬಳಸಿದಂತಾಗುತ್ತದೆ. ಉನ್ನತ ಶಿಕ್ಷಣದಿಂದ ಪ್ರಯೋಜನವಿಲ್ಲ ಎಂದು ಇದರಿಂದ ಸಾಧಿಸಲಾಗದು. ಕಸುಬೇ ಮೇಲು ಎಂದೂ ಸಾಧಿಸಲಾಗದು. ಸಮೀಕ್ಷೆಯಲ್ಲಿ ದಾಖಲಾದ ಗಳಿಕೆಗೂ ಮಿತಿಯಿದೆ: ಸಂಜೆ ಹೊತ್ತು ನೆರೆಮನೆಯ ನೀರಿನ ಪೈಪ್ ಸರಿಮಾಡಿ ಪಡೆದ ಹಣವನ್ನು ಜನ ಸಮೀಕ್ಷೆಯವರಿಗೆ ಹೇಳುವುದು ಕಡಿಮೆ. ಅದೂ ಸೇರಿದ್ದರೆ ಡಿಸೆಂಬರ್‌ನವರ ಪಾಲಿಗೇ ತುಸು ಹೆಚ್ಚು ಬೀಳುತ್ತಿತ್ತೇನೋ ಎಂಬುದು ನನ್ನ ಅನಿಸಿಕೆ. 2002ರ ಜನವರಿಯಿಂದ ರೊಮೇನಿಯಾದವರು ಅಲ್ಪಾವಧಿಗೆ ಪಶ್ಚಿಮ ಯುರೋಪಿಗೆ ಹೋಗಲು ವೀಸಾ ಬೇಕಿಲ್ಲವೆಂದಾಯಿತು. ಆಮೇಲೆ ಇಟಲಿ, ಸ್ಪೇನ್‌ಗಳ ಕಟ್ಟಡ ಕೆಲಸಗಳಿಗೆ ದೊಡ್ಡ ಸಂಖ್ಯೆಯ ಜನ ಹೋದರು. ಗಳಿಕೆಯ ಸಮೀಕ್ಷೆಗಳು 2000ಕ್ಕೇ ಮುಗಿದಿದ್ದರಿಂದ ಈ ಅಧ್ಯಾಯ ಈ ಲೆಕ್ಕದೊಳಗೆ ಬರುವುದಿಲ್ಲ.

ಬೇರೆ ದೇಶಗಳ ಅನುಭವ

ರೊಮೇನಿಯಾ ಒಂದೇ ಎಲ್ಲವನ್ನೂ ಹೇಳಿಬಿಡುವುದಿಲ್ಲ. ಹನ್ನೊಂದು ದೇಶಗಳ ದತ್ತಾಂಶ ನೋಡಿದ ಎರಿಕ್ ಹನುಶೆಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೃತ್ತಿಶಿಕ್ಷಣ ಪಡೆದವರಿಗೆ ಆರಂಭದಲ್ಲಿ ಕೆಲಸ ಸುಲಭವಾಗಿ ಸಿಗುತ್ತದೆ, ವಯಸ್ಸಾದಂತೆ ಆ ಅನುಕೂಲ ಕರಗುತ್ತದೆ ಎಂದು ಕಂಡುಬಂತು. ಜರ್ಮನಿ, ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್‌ಗಳಂಥ ಅಪ್ರೆಂಟಿಸ್ ಪದ್ಧತಿಯ ದೇಶಗಳಲ್ಲಿ ಅದು ಇನ್ನೂ ಸ್ಪಷ್ಟವಾಗಿತ್ತು. ಸ್ವೀಡನ್‌ನಲ್ಲಿ 1990ರ ದಶಕದ ಆರಂಭದಲ್ಲಿ ವೃತ್ತಿ ಕೋರ್ಸುಗಳನ್ನು ಎರಡು ವರ್ಷದಿಂದ ಮೂರಕ್ಕೆ ಹಿಗ್ಗಿಸಿ ಸಾಮಾನ್ಯ ವಿಷಯಗಳನ್ನು ತುಂಬಲಾಯಿತು. ಗಳಿಕೆ ಹೆಚ್ಚಲಿಲ್ಲ, ಕಡಿಮೆ ಅಂಕದ ಮಕ್ಕಳು ಅರ್ಧಕ್ಕೆ ಬಿಟ್ಟುಹೋಗುವುದು ಹೆಚ್ಚಿತು. ಆ ಮಕ್ಕಳಿಗೆ ಒಳಿತಾಗಲಿ ಎಂದೇ ಮಾಡಿದ ಬದಲಾವಣೆ ಅವರನ್ನೇ ಹೊರಗೆ ತಳ್ಳಿತು ಎಂಬುದು ನನಗೆ ನೋವಿನ ಸಂಗತಿ.

ಫಿನ್ಲೆಂಡ್‌ನದು ಇನ್ನೊಂದು ಬಗೆ. ಅಲ್ಲಿ ಪ್ರವೇಶದ ಅಂಕದ ಗೆರೆಯ ಆಚೀಚೆ ಇದ್ದವರನ್ನು ಹೋಲಿಸಿ ನೋಡಿದಾಗ, ವೃತ್ತಿಶಾಲೆಗೆ ಸೇರಿದವರ ಆದಾಯವೇ ಹೆಚ್ಚಿತ್ತು, ಮೂವತ್ತರ ನಡುಭಾಗದವರೆಗೂ ಆ ಹೆಚ್ಚಳ ಉಳಿದಿತ್ತು. ಎಲ್ಲಕ್ಕಿಂತ ಹೆಚ್ಚಿನ ಲಾಭ ಕಂಡದ್ದು ವೃತ್ತಿಶಿಕ್ಷಣವೇ ಬೇಕೆಂದು ಕೇಳಿದ್ದ ಮಕ್ಕಳಲ್ಲಿ. ಬೇರೆಲ್ಲೂ ಸೀಟು ಸಿಗದೆ ಬಂದವನನ್ನೂ ಕಸುಬನ್ನು ಬಯಸಿ ಬಂದವನನ್ನೂ ಒಂದೇ ಸರಾಸರಿಯಲ್ಲಿ ಸೇರಿಸಿದರೆ ಈ ಸತ್ಯ ಕಾಣುವುದೇ ಇಲ್ಲ.

ತರಬೇತಿ ಸಂಸ್ಥೆಯ ಜಾಹೀರಾತನ್ನು ಓದುವ ಬಗೆ

ಈ ಪ್ರಕರಣವನ್ನು ನಾನು ಇಷ್ಟು ವಿಸ್ತಾರವಾಗಿ ಬರೆಯುತ್ತಿರುವುದು ಮಕ್ಕಳ ಮುಂದಿನ ಓದನ್ನು ತೀರ್ಮಾನಿಸುವ ಹೊತ್ತಿನಲ್ಲಿ ಕುಳಿತವರಿಗಾಗಿ. ಅವರ ಕೈಗೆ ಬರುವ ಕರಪತ್ರಗಳಲ್ಲಿ ಇಷ್ಟು ಶೇಕಡಾ ಮಂದಿಗೆ ಕೆಲಸ, ಇಷ್ಟು ಸರಾಸರಿ ಸಂಬಳ ಎಂದು ಅಚ್ಚಾಗಿರುತ್ತದೆ. ಆ ಅಂಕಿ ಸುಳ್ಳಾಗಿರಬೇಕೆಂದಿಲ್ಲ. ಆದರೂ ಅದು ಹೇಳುವುದು ಬಹಳ ಕಡಿಮೆ.

ಪ್ರವೇಶಕ್ಕೇ ಕಠಿಣ ಪರೀಕ್ಷೆಯಿಟ್ಟು ಚುರುಕಾದವರನ್ನಷ್ಟೇ ಸೇರಿಸಿಕೊಂಡ ಸಂಸ್ಥೆಯ ಮಕ್ಕಳು ಎಲ್ಲಿ ಓದಿದ್ದರೂ ಕೆಲಸ ಪಡೆಯುತ್ತಿದ್ದರು. ಬಂದವರನ್ನೆಲ್ಲ ಸೇರಿಸಿಕೊಂಡು, ಅಕ್ಷರದಲ್ಲಿ ಹಿಂದುಳಿದವರನ್ನೂ ಪಳಗಿಸಿ ಕಳುಹಿಸಿದ ಸಂಸ್ಥೆಯ ಅಂಕಿ ಮೇಲ್ನೋಟಕ್ಕೆ ಸಪ್ಪೆಯಾಗಿ ಕಾಣುತ್ತದೆ; ಕಲಿಸಿದ್ದು ಅದೇ ಹೆಚ್ಚಿರಬಹುದು. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮುಗಿಸಿದರು ಎಂದು ಮೊದಲು ಕೇಳಬೇಕು, ಏಕೆಂದರೆ ಅರ್ಧಕ್ಕೆ ಬಿಟ್ಟವರು ಶೇಕಡಾ ಲೆಕ್ಕದಿಂದ ಸದ್ದಿಲ್ಲದೆ ಜಾರಿಹೋಗಿರುತ್ತಾರೆ. ಕೆಲಸ ಎಂದರೆ ಕಲಿತ ಕಸುಬಿನದೇ, ಬೇರೆಯದೇ? ಸಂಬಳ ಯಾವ ವರ್ಷದ್ದು? ಸೇರಿದ ಮೊದಲ ತಿಂಗಳಿನದು ಎಂದಾದರೆ ಅದಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಕಸುಬಿನವನ ಗಳಿಕೆ ಬೇಗ ಶುರುವಾಗುತ್ತದೆ, ಆಮೇಲೆ ಏರುತ್ತದೋ ನಿಲ್ಲುತ್ತದೋ ಎಂಬುದು ಐದನೆಯ, ಹತ್ತನೆಯ ವರ್ಷದಲ್ಲಿ ತಿಳಿಯುತ್ತದೆ. ಅಷ್ಟು ದೂರದವರೆಗೆ ತನ್ನ ವಿದ್ಯಾರ್ಥಿಗಳ ಜಾಡು ಹಿಡಿಯುವ ಸಂಸ್ಥೆ ಸಿಕ್ಕರೆ ಅದರ ಮೇಲೆ ನನಗೆ ಗೌರವ ಮೂಡುತ್ತದೆ, ಅಂಕಿ ಎಷ್ಟೇ ಇರಲಿ.

ಸರಾಸರಿಯ ಬಗ್ಗೆಯೂ ಎಚ್ಚರ ಬೇಕು. ಸ್ವಂತ ವರ್ಕ್‌ಶಾಪ್ ತೆರೆದು ಚೆನ್ನಾಗಿ ಗಳಿಸುವ ಇಬ್ಬರು, ಗುತ್ತಿಗೆಯ ಕೆಲಸದಲ್ಲಿ ತೆವಳುವ ಇಪ್ಪತ್ತು ಮಂದಿಯ ಸರಾಸರಿಯನ್ನು ಎತ್ತಿ ತೋರಿಸಿಬಿಡುತ್ತಾರೆ. ನಡುವೆ ನಿಂತವನ ಗಳಿಕೆ ಎಷ್ಟು ಎಂದು ಕೇಳಿದರೆ ಚಿತ್ರ ಬೇರೆಯಾಗುತ್ತದೆ.

ಬ್ರಾಶೋವ್‌ನ ಹೊಸ ಶಾಲೆ

ಬ್ರಾಶೋವ್‌ನ ಟ್ರ್ಯಾಕ್ಟರ್ ಕಾರ್ಖಾನೆ 2007ರಲ್ಲಿ ಮುಚ್ಚಿತು. ರೊಮೇನಿಯಾ ಯುರೋಪಿಯನ್ ಒಕ್ಕೂಟ ಸೇರಿದ್ದು ಅದೇ ವರ್ಷ. ಕಾರ್ಖಾನೆಯ ಜಾಗದಲ್ಲಿ ಈಗ ದೊಡ್ಡ ಶಾಪಿಂಗ್ ಮಾಲ್ ಇದೆ. 2009ರಲ್ಲಿ ಸರ್ಕಾರ ಹಳೆಯ ಬಗೆಯ ಕಸುಬಿನ ಶಾಲೆಗಳನ್ನು ಕೈಬಿಟ್ಟು ಮಕ್ಕಳನ್ನು ಲೈಸಿಯಂ ಕಡೆಗೆ ತಿರುಗಿಸಿತು. ಪಳ­ಗಿದ ಕೈಗಳು ಸಿಗುತ್ತಿಲ್ಲ ಎಂದು ಉದ್ಯಮಗಳು ದೂರತೊಡಗಿದ ಮೇಲೆ ಕೆಲವೇ ವರ್ಷಗಳಲ್ಲಿ ವೃತ್ತಿಶಾಲೆ ಮರಳಿ ಬಂತು. 2012ರಲ್ಲಿ ಬ್ರಾಶೋವ್‌ನಲ್ಲೇ ಜರ್ಮನ್ ಕಂಪನಿಗಳ ಜೊತೆಗೂಡಿ ಒಂದು ಹೊಸ ವೃತ್ತಿಶಾಲೆ ಆರಂಭವಾಯಿತು. ಮಕ್ಕಳು ಒಂದಷ್ಟು ಕಾಲ ತರಗತಿಯಲ್ಲಿ, ಒಂದಷ್ಟು ಕಾಲ ಕಂಪನಿಯ ಯಂತ್ರದ ಮುಂದೆ ಕಲಿಯುವ ಪದ್ಧತಿ ಅದು.

ಆ ಶಾಲೆಯಿಂದ ಹೊರಬಂದವರ ಗಳಿಕೆಯನ್ನು ಮುಂದೊಂದು ದಿನ ಯಾರಾದರೂ ಲೆಕ್ಕ ಹಾಕಿಯೇ ಹಾಕುತ್ತಾರೆ. ಅವರನ್ನು ಲೈಸಿಯಂನವರ ಜೊತೆ ಇಟ್ಟು ಹೋಲಿಸಿದರೆ 1973ಕ್ಕೂ ಹಿಂದಿನ ತಪ್ಪು ಲೆಕ್ಕಕ್ಕೇ ಮರಳಿದಂತಾಗುತ್ತದೆ. ಅರ್ಜಿ ಹಾಕಿದ ಎಲ್ಲರ ಹೆಸರು, ಎಂಟನೆಯ ತರಗತಿಯ ಅಂಕ, ತಂದೆತಾಯಿಯ ಕೆಲಸ, ಅಂಚಿನಲ್ಲಿ ಸೀಟು ತಪ್ಪಿದವರು ಆಮೇಲೆ ಎಲ್ಲಿ ಸೇರಿದರು ಎಂಬ ವಿವರ, ಇಷ್ಟನ್ನು ಪ್ರವೇಶದ ದಿನದಿಂದಲೇ ಬರೆದಿಡಬೇಕು. ಸ್ವಲ್ಪದರಲ್ಲಿ ಸೀಟು ಪಡೆದವನನ್ನೂ ಸ್ವಲ್ಪದರಲ್ಲಿ ಕಳೆದುಕೊಂಡವನನ್ನೂ ಮೊದಲ ಸಂಬಳದ ಹೊತ್ತಿಗೆ ಒಮ್ಮೆ, ಮೂವತ್ತರಲ್ಲಿ ಒಮ್ಮೆ, ನಲವತ್ತರಲ್ಲಿ ಮತ್ತೊಮ್ಮೆ ಭೇಟಿಯಾಗಿ ಕೇಳಬೇಕು. ಹೊಸದಾಗಿ ವೃತ್ತಿಶಾಲೆ ತೆರೆಯುವ ಯಾವ ದೇಶಕ್ಕೂ ಇದು ದುಬಾರಿಯ ಕೆಲಸವಲ್ಲ. ಪ್ರವೇಶ ಪಟ್ಟಿಯನ್ನು ಎಸೆಯದೆ ಇಟ್ಟುಕೊಂಡರೆ ಅರ್ಧ ಕೆಲಸ ಆದಂತೆ.